ಕೋಳಿಗೊಂದು ಹನಿ, ನಾಯಿಗೊಂದು ಸೂಜಿ, ನಡುವೆ ಬಿಸಿಲು

ನಮ್ಮಲ್ಲಿ ಕೋಳಿ ಸಾಕಣೆ ಮನೆಯವಳ ಖಾತೆ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬಂದ ಹಾಗೇ ಸಾಲಕ್ಕೆ, ಗೊಬ್ಬರಕ್ಕೆ ಹೋಗುತ್ತದೆ. ಮಕ್ಕಳ ಪುಸ್ತಕ, ನೆಂಟರ ಊಟ, ತುರ್ತಿಗೆ ಬಸ್ ಚಾರ್ಜು ಎಲ್ಲ ಕೋಳಿಯದ್ದೇ. ಅಂಥ 31 ಕೋಳಿಗಳಲ್ಲಿ 26, ಒಂದು ಬೇಸಿಗೆ ಒಂಬತ್ತೇ ದಿನದಲ್ಲಿ ಹೋದವು. ಮೊದಲು ತೂಕಡಿಕೆ, ಆಮೇಲೆ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ. ಉಳಿದ ಐದರಲ್ಲಿ ಎರಡರ ಕುತ್ತಿಗೆ ತಿರುಚಿಹೋಗಿತ್ತು.

ಹೆಚ್ಚು ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಎರಡು ತಿಂಗಳ ಹಿಂದಷ್ಟೇ ಲಸಿಕೆ ಹಾಕಿಸಿದ್ದೆವು. "ಸೂಜಿ ಹಾಕಿಸಿಯೂ ಸತ್ತವಲ್ಲ, ಇನ್ನು ಯಾಕೆ ಹಾಕಿಸೋದು?" ಅಂತ ಮನೆಯವಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಶುವೈದ್ಯರ ಹತ್ತಿರ ಹೋದೆ.

ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಗೌಡ್ರೆ, ಸೀಸೆ ಪೇಟೆಯಿಂದ ಮನೆಗೆ ಹೇಗೆ ಬಂತು?"

ಅಂಗಿ ಕಿಸೆಯಲ್ಲಿ ಬಂದಿತ್ತು. ಮಧ್ಯಾಹ್ನದ ಬಸ್ಸು, ನಡುವೆ ಚಹಾದಂಗಡಿಯಲ್ಲಿ ಅರ್ಧ ಗಂಟೆ. ರಾತ್ರಿಯಿಡೀ ಅಡುಗೆಮನೆ ಗೂಡಿನಲ್ಲಿ ಇತ್ತು. ಬೆಳಿಗ್ಗೆ ಕಲಸಿ ಹಾಕಿದೆವು. "ನೀವು ಹಾಕಿದ್ದು ಲಸಿಕೆಯಲ್ಲ, ಬರೀ ನೀರು" ಅಂದರು ಡಾಕ್ಟ್ರು.

ಲಸಿಕೆ ಹೇಗೆ ಸಾಯುತ್ತದೆ?

ಈ ರೋಗಕ್ಕೆ ರಾಣಿಖೇತ್ ಅಂತ ಹೆಸರು, ಕನ್ನಡದಲ್ಲಿ ಕೊಕ್ಕರೆ ರೋಗ ಅಂತಲೂ ಹೇಳುತ್ತಾರೆ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲೂ ಇದನ್ನು ಗುರುತಿಸಿದರು. ಸ್ವಲ್ಪದರಲ್ಲೇ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ಕಂಡಿತು. ಹಾಗಾಗಿ ಹೊರದೇಶಗಳಲ್ಲಿ ಇದು ನ್ಯೂಕ್ಯಾಸಲ್ ರೋಗ, ನಮ್ಮಲ್ಲಿ ರಾಣಿಖೇತ್. ವೈರಸ್ಸಿನಿಂದ ಬರುವ ರೋಗ. ಬಂದ ಮೇಲೆ ಔಷಧಿ ಇಲ್ಲ. ಬೆಳ್ಳುಳ್ಳಿ, ಅರಿಶಿನ, ಮನುಷ್ಯರ ಮಾತ್ರೆ ಎಲ್ಲ ಹಾಕಿ ನೋಡಿದವರು ನಾವೇ ಇದ್ದೇವೆ. ಇದ್ದದ್ದು ತಡೆ ಮಾತ್ರ.

ನಮಗೆ ಸಿಗುವ ಲಸಿಕೆಗಳು ಮೂರು. ಮರಿಗೆ ಮೊದಲ ವಾರದಲ್ಲಿ ಎಫ್-1 ಅಥವಾ ಲಸೋಟಾ, ಕಣ್ಣಿಗೋ ಮೂಗಿಗೋ ಒಂದು ಹನಿ. ಆರರಿಂದ ಎಂಟು ವಾರ ತುಂಬಿದ ಮೇಲೆ ಆರ್2ಬಿ, ರೆಕ್ಕೆಯ ಕೆಳಗೆ ಚರ್ಮದಡಿಗೆ ಅರ್ಧ ಮಿಲಿಲೀಟರ್. ಈ ಆರ್2ಬಿಯನ್ನು ಸಣ್ಣ ಮರಿಗೆ ಹಾಕಬಾರದು, ಅದು ಸ್ವಲ್ಪ ಜೋರಿನ ಲಸಿಕೆ. ಇದರ ಮೂಲ ಹಿಮಾಲಯದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯ. ಅಲ್ಲಿ 1940ರ ದಶಕದಲ್ಲಿ ರೂಪಿಸಿದ್ದು.

ಮೂರರಲ್ಲೂ ಇರುವುದು ಜೀವಂತ ವೈರಸ್ಸು, ಆದರೆ ಶಕ್ತಿ ಕುಂದಿಸಿದ್ದು. ಕೋಳಿಯ ಮೈಯೊಳಗೆ ಅದು ಸ್ವಲ್ಪ ಬೆಳೆಯಬೇಕು, ಆಗ ಮೈ ಎದುರಿಸಲು ಕಲಿಯುತ್ತದೆ. ದಾರಿಯಲ್ಲೇ ಅದು ಸತ್ತರೆ ಕಲಿಯುವುದೇನು? ಅದಕ್ಕೇ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಕಲಸಿದ ಮೇಲಂತೂ ಐಸಿನ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಸತ್ತ ಲಸಿಕೆ ನೋಡಲು ಬದುಕಿದ್ದರ ಹಾಗೇ ಇರುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಮೋಸ ಗೊತ್ತಾಗುವುದು ರೋಗ ಬಂದಾಗ.

ಬಿಸಿಲು ತಾಳುವ ಬೀಜ

ಈ ತೊಂದರೆ ನಮ್ಮದು ಮಾತ್ರ ಅಲ್ಲ. ಕರೆಂಟಿಲ್ಲದ ಹಳ್ಳಿಗಳಿರುವ ಎಲ್ಲ ದೇಶಗಳದ್ದು. ಇದಕ್ಕೆ ದಾರಿ ಹುಡುಕಿದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ. ಆಸ್ಟ್ರೇಲಿಯಾದ ಕೋಳಿಗಳಲ್ಲಿ ರೋಗ ತಾರದ, ಸಾಧು ಜಾತಿಯ ರಾಣಿಖೇತ್ ವೈರಸ್ಸುಗಳಿವೆ. ಅವುಗಳನ್ನು ಬಿಸಿ ಮಾಡಿ, ಸಾಯದೆ ಉಳಿದದ್ದನ್ನು ಆರಿಸಿಕೊಂಡರು. ಬರಗಾಲದಲ್ಲೂ ಒಣಗದ ಗಿಡದಿಂದ ನಾವು ಬೀಜ ಎತ್ತಿಡುವುದಿಲ್ಲವೇ, ಅದೇ ಲೆಕ್ಕ.

ಮೊದಲು ಬಂದದ್ದು ವಿ-4. 1984ರಿಂದ ಮಲೇಶಿಯಾದಲ್ಲಿ ಅದನ್ನು ಕಾಳಿಗೆ ಲೇಪಿಸಿ ಹಳ್ಳಿ ಕೋಳಿಗಳಿಗೆ ತಿನ್ನಿಸಿ ನೋಡಿದರು. ಹಿಡಿಯುವ ತಾಪತ್ರಯ ಇಲ್ಲ, ಒಳ್ಳೆ ಉಪಾಯ. ಆದರೆ ಎಲ್ಲ ಕಡೆ ಒಂದೇ ಫಲ ಸಿಗಲಿಲ್ಲ. ಕಣ್ಣಿಗೆ ಹನಿ ಬಿಡುವುದೇ ನಂಬಿಕೆಯದ್ದು ಅಂತ ಆಯಿತು. ಆಮೇಲೆ ಐ-2 ಎಂಬುದನ್ನು ಆರಿಸಿ, ಅದರ ಮೂಲ ಬೀಜವನ್ನು ಬಡ ದೇಶಗಳ ಪ್ರಯೋಗಾಲಯಗಳಿಗೆ ದುಡ್ಡಿಲ್ಲದೆ ಕೊಟ್ಟರು. ಟಾಂಜಾನಿಯಾ, ಮೊಜಾಂಬಿಕ್ ದೇಶಗಳು ತಾವೇ ಲಸಿಕೆ ತಯಾರಿಸಿದವು. ಅಲ್ಲಿ ಹಳ್ಳಿಯವರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಹನಿ ಹಾಕುತ್ತಾರೆ. ಮರಿಯಾಗಲಿ ಹುಂಜವಾಗಲಿ ಒಂದೇ ಹನಿ, ನಾಲ್ಕು ತಿಂಗಳಿಗೊಮ್ಮೆ.

ಬಿಸಿಲು ತಾಳುತ್ತದೆ ಅಂದರೆ ಬಿಸಿಲಲ್ಲಿ ಇಡಬಹುದು ಅಂತ ಅಲ್ಲ. ನೆರಳಲ್ಲಿ, ಕತ್ತಲಲ್ಲಿ ಇಟ್ಟರೆ ಬೇರೆ ಲಸಿಕೆಗಿಂತ ಹೆಚ್ಚು ದಿನ ಬದುಕುತ್ತದೆ, ಅಷ್ಟೆ. ನಿಮ್ಮ ಪಶು ಆಸ್ಪತ್ರೆಯಲ್ಲಿ ಇಂಥದ್ದು ಸಿಗುತ್ತದೆಯೇ ಅಂತ ಕೇಳಿ. ಸಿಗದಿದ್ದರೆ ಕಾದು ಕೂರಬೇಡಿ. ಇರುವ ಲಸಿಕೆಯನ್ನೇ ತಣ್ಣಗೆ ತಂದರೆ ಕೆಲಸ ಆಗುತ್ತದೆ.

ನಮ್ಮ ಕೇರಿ ಈಗ ಮಾಡುವುದು

ಇನ್ನೊಂದು ತೊಡಕು ಸೀಸೆಯದ್ದು. ಒಂದು ಸೀಸೆಯಲ್ಲಿ 100 ಕೋಳಿಗಾಗುವ ಲಸಿಕೆ, ನನ್ನ ಮನೆಯಲ್ಲಿ ಹತ್ತಿಪ್ಪತ್ತು ಕೋಳಿ. ಕಲಸಿದ್ದು ನಾಳೆಗೆ ಬಾರದು. ಹಾಗಾಗಿ ಒಂಟಿ ಮನೆಯವನಿಗೆ ಇದು ಗಿಟ್ಟುವ ಬಾಬತ್ತಲ್ಲ. ನಾವು ಏಳು ಮನೆಯವರು ಸೇರಿದೆವು. ಎಲ್ಲ ಸೇರಿ 90ರ ಆಸುಪಾಸು ಕೋಳಿ ಆಗುತ್ತವೆ.

ಹಿಂದಿನ ಸಂಜೆಯೇ ಕೋಳಿಗಳನ್ನು ಗೂಡಿಗೆ ಹಾಕಿ ಮುಚ್ಚುತ್ತೇವೆ, ಮರ ಹತ್ತಲು ಬಿಡುವುದಿಲ್ಲ. ಒಬ್ಬರು ಬೆಳಿಗ್ಗೆ ಥರ್ಮಾಸಿನಲ್ಲಿ ಐಸ್ ಹಾಕಿ ಸೀಸೆ ತರುತ್ತಾರೆ. ಆರ್2ಬಿಯ 100ರ ಸೀಸೆಗೆ 50 ಮಿಲಿಲೀಟರ್ ತಣ್ಣಗಿನ ಸಲೈನ್. ಬಾವಿ ನೀರು, ನಲ್ಲಿ ನೀರು ಬೇಡ. ಮೊದಲೆರಡು ಸಲ ವೈದ್ಯರ ಸಹಾಯಕರು ಬಂದು ತೋರಿಸಿಕೊಟ್ಟರು. ಒಬ್ಬರು ಹಿಡಿಯುವುದು, ಒಬ್ಬರು ಹಾಕುವುದು. ಏಳು ಮನೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಕಾಯಿಲೆಯ ಕೋಳಿಗೆ ಹಾಕುವುದಿಲ್ಲ. ವಾರ ಮೊದಲೇ ಜಂತಿನ ಔಷಧಿ ಕೊಟ್ಟಿರುತ್ತೇವೆ. ಹಾಕಿದ ಮಾರನೇ ದಿನವೇ ರಕ್ಷಣೆ ಬರುವುದಿಲ್ಲ, ಎರಡು ವಾರವಾದರೂ ಬೇಕು. ಆದ್ದರಿಂದ ನೆರೆಯೂರಲ್ಲಿ ರೋಗ ಬಂದಾಗ ಓಡುವುದಲ್ಲ, ಬೇಸಿಗೆ ಹೊರಡುವ ಮೊದಲೇ ಮುಗಿಸಬೇಕು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಇಡುವುದೂ ನಮ್ಮ ಕಟ್ಟಳೆ. ನಡುವೆ ಹುಟ್ಟಿದ ಮರಿಗಳಿಗೆ ಮುಂದಿನ ಸರದಿ.

ನಾಯಿಯದ್ದು ಬೇರೆ ಕತೆ, ಅದೇ ಪಾಠ

ನಾಯಿ ಹುಚ್ಚಿನ ಲಸಿಕೆ ಜೀವಂತ ಅಲ್ಲ, ಕೊಂದ ವೈರಸ್ಸಿನದ್ದು. ಬೆಳೆಯಬೇಕಾದದ್ದು ಇಲ್ಲದ್ದರಿಂದ ಅದಕ್ಕೆ ಬಿಸಿಯ ಭಯ ಸ್ವಲ್ಪ ಕಡಿಮೆ. ಹೆಪ್ಪುಗಟ್ಟಿದರೆ ಮಾತ್ರ ಕೆಡಬಹುದು, ಅದಕ್ಕೇ ಫ್ರೀಜರಿನಲ್ಲಿ ಇಡಬಾರದು. ಟಾಂಜಾನಿಯಾದಲ್ಲಿ ನಡೆದ ಒಂದು ಪರೀಕ್ಷೆಯ ಫಲ 2016ರಲ್ಲಿ ಪ್ರಕಟವಾಯಿತು. ಅಂಥ ಒಂದು ಲಸಿಕೆಯನ್ನು 25 ಡಿಗ್ರಿಯಲ್ಲಿ ಆರು ತಿಂಗಳು, 30 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟು ನಾಯಿಗಳಿಗೆ ಹಾಕಿದರು. ಫ್ರಿಜ್ಜಿನಲ್ಲಿಟ್ಟ ಲಸಿಕೆಗಿಂತ ಫಲ ಕಡಿಮೆಯಾಗಲಿಲ್ಲ. ಎಲ್ಲ ಕಂಪನಿಯ ಲಸಿಕೆಗೂ ಇದು ಅನ್ವಯಿಸುತ್ತದೆ ಅಂತ ಹಿಡಿಯಬೇಡಿ, ನಾವು ತಣ್ಣಗೇ ಇಡೋಣ. ಆದರೆ ಫ್ರಿಜ್ ಇಲ್ಲದ ಊರಿಗೂ ಲಸಿಕೆ ಮುಟ್ಟಿಸಬಹುದು ಅನ್ನುವುದು ಇದರಿಂದ ಗೊತ್ತಾಯಿತು.

ಇಲ್ಲಿಯೂ ಒಂಟಿ ಮನೆಯ ಲೆಕ್ಕ ಸಾಲದು. ನನ್ನ ನಾಯಿಗೆ ಹಾಕಿಸಿದರೆ ನನ್ನ ನಾಯಿ ಉಳಿಯುತ್ತದೆ. ಕೇರಿಯ ಮಕ್ಕಳು ಉಳಿಯಬೇಕಾದರೆ ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕಾದರೂ ಪ್ರತಿ ವರ್ಷ ಆಗಬೇಕು. ಹಳ್ಳಿ ನಾಯಿಯ ಆಯಸ್ಸು ಕಡಿಮೆ, ಮರಿಗಳು ಹುಟ್ಟುತ್ತಲೇ ಇರುತ್ತವೆ. ವರ್ಷದ ಕೊನೆಗೆ ಎಪ್ಪತ್ತು ಐವತ್ತಕ್ಕೋ ಇನ್ನೂ ಕೆಳಕ್ಕೋ ಇಳಿದಿರುತ್ತದೆ. ಅದಕ್ಕೇ ಮತ್ತೆ ಹಾಕಬೇಕು. ಸಾಕಿದ ನಾಯಿಯಷ್ಟೇ ಅಲ್ಲ, ಅಂಗಡಿ ಮುಂದಿನದ್ದೂ ಲೆಕ್ಕಕ್ಕೆ ಬರಬೇಕು.

ಇದು ಆಗದ ಮಾತಲ್ಲ. ನಮ್ಮ ಪಕ್ಕದ ಗೋವಾದಲ್ಲಿ ರಾಜ್ಯವಿಡೀ ನಾಯಿಗಳಿಗೆ ಬಲೆ ಹಾಕಿ ಹಿಡಿದು ಲಸಿಕೆ ಹಾಕಿದರು. ನಾಯಿಗಳ ರೇಬೀಸ್ ನೂರಕ್ಕೆ 92 ಪಾಲು ಇಳಿಯಿತು. 2018, 2019ರಲ್ಲಿ ಅಲ್ಲಿ ಈ ರೋಗದಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ ಅಂತ ಸಂಶೋಧಕರು ಬರೆದಿದ್ದಾರೆ.

ನಮ್ಮ ಊರಿನದ್ದೇ ಒಂದು ಸಂಗತಿ. ಒಬ್ಬರ ಹಸು ಜೊಲ್ಲು ಸುರಿಸುತ್ತ ಮೇವು ಬಿಟ್ಟಿತು. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಮನೆಯ ಅಕ್ಕ ಬಾಯಿಯೊಳಗೆ ಕೈ ಹಾಕಿ ನೋಡಿದರು. ಅದು ಹುಚ್ಚು ರೋಗ. ಒಂದು ತಿಂಗಳ ಹಿಂದೆ ನಾಯಿ ಕಚ್ಚಿದ್ದು ಯಾರ ನೆನಪಿಗೂ ಬಂದಿರಲಿಲ್ಲ. ಹಸು ಸತ್ತಿತು. ಅಕ್ಕ ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿ ಪೂರ್ತಿ ಸೂಜಿ ಹಾಕಿಸಿಕೊಂಡು ಬದುಕಿದ್ದಾರೆ. ಈ ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ದನವೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ. ಆದ್ದರಿಂದ ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ. ನಾಯಿ ಕಚ್ಚಿದರೆ, ಪರಚಿದರೆ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಪೂರ್ತಿ ಸೂಜಿ ಮುಗಿಸುವ ತನಕ ಬಿಡಬೇಡಿ.

ಸತ್ತ ಕೋಳಿ, ಹಸಿದ ನಾಯಿ

ಕೊನೆಗೆ ನನ್ನದೇ ಇನ್ನೊಂದು ತಪ್ಪು. ಸತ್ತ ಕೋಳಿಗಳನ್ನು ಮೊದಲ ಎರಡು ದಿನ ಹಳ್ಳಕ್ಕೆ ಎಸೆದೆ. ನಮ್ಮ ನಾಯಿಯೇ ಒಂದನ್ನು ಕಚ್ಚಿಕೊಂಡು ಮೇಲಿನ ಮನೆಯ ಅಂಗಳಕ್ಕೆ ಹೋಯಿತು. ವಾರದೊಳಗೆ ಅವರ ಕೋಳಿಗಳೂ ತೂಕಡಿಸಿದವು. ನಾಯಿಗೆ ರಾಣಿಖೇತ್ ಬರುವುದಿಲ್ಲ, ಆದರೆ ಹೊರುತ್ತದೆ. ನಮ್ಮ ಚಪ್ಪಲಿಯೂ ಹೊರುತ್ತದೆ. ಸತ್ತದ್ದನ್ನು ನಾಯಿ ಕೆರೆಯಲಾಗದಷ್ಟು ಆಳದ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿ ಮುಚ್ಚಬೇಕು, ಕೈ ಸೋಪಿನಲ್ಲಿ ತೊಳೆಯಬೇಕು. ರೋಗ ಬಂತೆಂದು ಉಳಿದದ್ದನ್ನು ಸಂತೆಗೆ ಒಯ್ದು ಮಾರುವುದಂತೂ ಬೇಡವೇ ಬೇಡ. ಕೊಂಡವನೂ ನಮ್ಮ ಹಾಗೆ ಸಣ್ಣ ಬೆಳೆಗಾರನೇ.

ನಮ್ಮ ಏಳು ಮನೆಗಳಿಗೆ ಮೂರು ವರ್ಷದಿಂದ ರೋಗ ಹೊಕ್ಕಿಲ್ಲ. ಮುಂದೆಯೂ ಬಾರದು ಅಂತ ಜಂಬ ಕೊಚ್ಚುವುದಿಲ್ಲ. ಕೋಳಿಗೆ ಚಳಿಗಾಲ ಮುಗಿಯುವ ಮೊದಲು ಒಂದು ದಿನ. ನಾಯಿಗೆ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಒಂದು ದಿನ, ಆ ಹೊತ್ತಿಗೆ ಹಲವು ಕಡೆ ಉಚಿತ ಶಿಬಿರ ಇರುತ್ತದೆ. ವರ್ಷದಲ್ಲಿ ಎರಡು ಬೆಳಗು. ಇಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸಾಕು. ಈಗ ನಮ್ಮ ಮನೆಯಲ್ಲಿ ಆ ಗುರುತು ಹಾಕುವವಳು ಮನೆಯವಳು. ಥರ್ಮಾಸಿಗೆ ಐಸ್ ಹಾಕಿದ್ದೇನೆಯೇ ಅಂತ ತೆರೆದು ನೋಡಿದ ಮೇಲೆಯೇ ಅವಳು ನನ್ನನ್ನು ಬಸ್ಸಿಗೆ ಕಳಿಸುವುದು.