ಯಾವ ಗುಂಡಿ ಒತ್ತಿದರೂ ಬೆಂಕಿ ತಪ್ಪದು

1967, ಮಾಂಟ್ರಿಯಲ್‌ನ ವಿಶ್ವ ಮೇಳ. ಜೆಕೊಸ್ಲೊವಾಕಿಯಾದ ಮಂಟಪದಲ್ಲಿ ರಾದುಜ್ ಚಿನ್ಚೆರಾ ಅವರ 'ಕಿನೊಆಟೊಮಾಟ್' ಓಡುತ್ತಿದೆ. ಟವೆಲ್ ಸುತ್ತಿಕೊಂಡ ನೆರೆಮನೆಯಾಕೆ ತನ್ನ ಮನೆಗೆ ಬೀಗ ಬಿದ್ದು ಹೊರಗುಳಿದಿದ್ದಾಳೆ. ನಾಯಕನ ಬಾಗಿಲು ತಟ್ಟುತ್ತಾಳೆ. ಅವನ ಹೆಂಡತಿ ಇನ್ನೇನು ಬರುವ ಹೊತ್ತು. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಒಳಗೆ ಬಿಡಬೇಕೋ ಬೇಡವೋ ಎಂದು ನಿರೂಪಕ ಪ್ರೇಕ್ಷಕರನ್ನೇ ಕೇಳುತ್ತಾನೆ. ಕುರ್ಚಿಯಲ್ಲಿರುವ ಕೆಂಪು ಇಲ್ಲವೇ ಹಸಿರು ಗುಂಡಿ ಒತ್ತಿ ಜನ ಮತ ಹಾಕುತ್ತಾರೆ.

ಏನೇ ಒತ್ತಲಿ, ಮುಂದಿನ ಪ್ರಶ್ನೆಯ ಹೊತ್ತಿಗೆ ಎರಡೂ ದಾರಿ ಕೂಡಿಕೊಳ್ಳುತ್ತಿದ್ದವು. ಕೊನೆಗೆ ಕಟ್ಟಡ ಹೊತ್ತಿ ಉರಿಯುವುದಂತೂ ಗ್ಯಾರಂಟಿ!

ಇದನ್ನು ಮೋಸ ಎನ್ನುವ ಮುಂಚೆ ಲೆಕ್ಕ ಹಾಕಿ. ಪ್ರತಿ ತಿರುವಿನಲ್ಲೂ ದಾರಿ ಎರಡಾಗುತ್ತಲೇ ಹೋದರೆ, ಹತ್ತನೇ ತಿರುವಿಗೆ 1,024 ಅಂತ್ಯಗಳು. ಅಷ್ಟನ್ನು ಬರೆಯುವವರು ಯಾರು? ಎಡ್ವರ್ಡ್ ಪ್ಯಾಕರ್ಡ್ 1979ರ 'ದಿ ಕೇವ್ ಆಫ್ ಟೈಮ್' ಎಂಬ, ಓದುಗರೇ ದಾರಿ ಆರಿಸುವ ಪುಸ್ತಕದಲ್ಲಿ 40 ಅಂತ್ಯಗಳನ್ನು ತುರುಕಿದರು. ಮಕ್ಕಳು ಮುಗಿಬಿದ್ದು ಓದಿದರು, ನಿಜ. ಆದರೆ ಯಾವ ಸುಳಿವೂ ಇಲ್ಲದೆ ಎಡಕ್ಕೋ ಬಲಕ್ಕೋ ಎಂದು ಕೇಳಿ, ಪುಟ ತಿರುಗಿಸಿದೊಡನೆ ಕತೆ ಮುಗಿಸಿದರೆ ಅದು ಆಯ್ಕೆಯಲ್ಲ, ಲಾಟರಿ.

2018ರ ನೆಟ್‌ಫ್ಲಿಕ್ಸ್ ಚಿತ್ರ 'ಬ್ಯಾಂಡರ್‌ಸ್ನ್ಯಾಚ್' ಮೊದಲು ಕೇಳುವುದು ಬೆಳಗಿನ ತಿಂಡಿಗೆ ಯಾವ ಸೀರಿಯಲ್ ಎಂದು. ಕ್ಷುಲ್ಲಕ ಪ್ರಶ್ನೆ. ಆದರೆ ಮುಂದೆ ಟಿವಿಯಲ್ಲಿ ಬರುವುದು ನೀವು ಆರಿಸಿದ್ದರದೇ ಜಾಹೀರಾತು! ಅದೇ ಚಿತ್ರದಲ್ಲಿ, ಗೇಮ್ ತಯಾರಿಸುವ ನಾಯಕ ಗೇಮ್ ಕಂಪನಿಯ ಕೆಲಸ ಒಪ್ಪಿಕೊಂಡರೆ ಅವನ ಗೇಮ್ ತೋಪಾಗಿ, ಮತ್ತೆ ಹಿಂದಕ್ಕೆ ಹೋಗಬೇಕು. ಸರಿಯುತ್ತರ ಮೊದಲೇ ಬರೆದಿಟ್ಟುಕೊಂಡು ಕೇಳುವುದು ಪರೀಕ್ಷೆಯಲ್ಲವೇ? ನನಗೆ ಸೀರಿಯಲ್ಲೇ ಮೇಲು. ಅಲ್ಲಿ ಕತೆಗೆ ಕನಿಷ್ಠ ನನ್ನ ನೆನಪಿದೆ.

ಆಯ್ಕೆಯನ್ನು ಕಿತ್ತುಕೊಂಡೂ ಅರ್ಥ ಹುಟ್ಟಿಸಬಹುದು. 2013ರ 'ಡಿಪ್ರೆಷನ್ ಕ್ವೆಸ್ಟ್' ಎಂಬ ಗೇಮ್‌ನಲ್ಲಿ ಖಿನ್ನತೆಗೊಳಗಾದವನಿಗೆ ಮಾಡಬೇಕಾದದ್ದು ಏನೆಂದು ಪರದೆಯ ಮೇಲೇ ಕಾಣುತ್ತದೆ, ಆದರೆ ಅದರ ಮೇಲೊಂದು ಗೆರೆ ಎಳೆದಿರುತ್ತದೆ. ಓದಬಹುದು, ಆರಿಸಲಾಗದು. ಮನಸ್ಸು ಕುಗ್ಗಿದಷ್ಟೂ ಗೆರೆ ಬಿದ್ದ ಸಾಲುಗಳು ಹೆಚ್ಚುತ್ತವೆ.

ಇಂಥ ಕತೆ ಕಟ್ಟಲು ಟ್ವೈನ್ ಎಂಬ ಉಚಿತ ತಂತ್ರಾಂಶವಿದೆ, ಕನ್ನಡದಲ್ಲೂ ಬರೆಯಬಹುದು. ಓದುಗ ಮೂರನೇ ಪುಟದಲ್ಲಿ ಚಿಕ್ಕಪ್ಪನಿಗೆ ಸುಳ್ಳು ಹೇಳಿದ್ದನ್ನು ಅದರಲ್ಲಿ ಗುರುತು ಹಾಕಿಟ್ಟರೆ, ಮೂವತ್ತನೇ ಪುಟದ ಮದುವೆಮನೆಯಲ್ಲಿ ಅದೇ ಚಿಕ್ಕಪ್ಪ 'ಬಾರೋ' ಎನ್ನುವ ಬದಲು 'ಓ, ಬಂದ್ರಾ' ಎನ್ನಬಹುದು. ಮದುವೆ ಹೇಗೂ ನಡೆಯುತ್ತದೆ. ಲೇಖಕ ಹೊಸದಾಗಿ ಬರೆಯಬೇಕಾದದ್ದು ಒಂದೇ ಸಾಲು.