ಲೆಕ್ಕಕ್ಕೆ ಸಿಗದ ಪಾದರಸ: ವರ್ತಕರು, ಸಣ್ಣ ಉದ್ಯಮಿಗಳು ಅರಿಯಬೇಕಾದ ಹೊಣೆ

ಚುರುಕಾದ ಮಗುವನ್ನು ಪಾದರಸಕ್ಕೆ ಹೋಲಿಸುವುದು ಕನ್ನಡದ ರೂಢಿ. ಹಿಡಿದರೆ ಕೈಗೆ ಸಿಗದಿರುವುದು ಅದರ ಗುಣ. ವ್ಯಾಪಾರದ ಲೆಕ್ಕಪುಸ್ತಕದಿಂದಲೂ ಅದು ಹಾಗೆಯೇ ಜಾರಿಕೊಳ್ಳುತ್ತದೆ. ಖರೀದಿಯ ಬಿಲ್ಲಿನಲ್ಲಿ ಟ್ಯೂಬ್‌ಲೈಟ್, ಥರ್ಮಾಮೀಟರ್, ರಕ್ತದೊತ್ತಡ ಮಾಪಕ ಎಂದು ನಮೂದಾಗುತ್ತದೆಯೇ ಹೊರತು ಅವುಗಳೊಳಗಿನ ಪಾದರಸ ನಮೂದಾಗುವುದಿಲ್ಲ. ವಸ್ತು ಕೆಟ್ಟು ಹೊರಹೋಗುವಾಗ ‘ಗುಜರಿ’ ಎಂಬ ಒಂದೇ ಪದದಲ್ಲಿ ಅದು ಮರೆಯಾಗುತ್ತದೆ. ಆದರೆ ಪಾದರಸ ಮೂಲಧಾತು. ಅದು ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಒಬ್ಬರ ಪುಸ್ತಕದಿಂದ ಖರ್ಚಾದ ಪಾದರಸ ಮತ್ತೊಬ್ಬರ ಗಾಳಿ, ನೀರು, ಆಹಾರಗಳಲ್ಲಿ ಜಮೆಯಾಗುತ್ತದೆ.

ದೇಹವನ್ನು ಸೇರುವ ಬಗೆ

ಪಾದರಸವು ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಈ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೋದ ಆವಿಯ ಸುಮಾರು ಶೇಕಡಾ 80ರಷ್ಟು ಭಾಗ ರಕ್ತವನ್ನು ಸೇರುತ್ತದೆ. ಕೈನಡುಕ, ನಿದ್ರಾಹೀನತೆ, ಮರೆವು, ಒಸಡುಗಳ ಊತ, ಮೂತ್ರಪಿಂಡಗಳ ಹಾನಿ ಇವು ದೀರ್ಘಕಾಲ ಆವಿಯನ್ನು ಸೇವಿಸಿದವರಲ್ಲಿ ಕಾಣುವ ಲಕ್ಷಣಗಳು. ನೀರನ್ನು ಸೇರಿದ ಪಾದರಸದ ಕಥೆ ಬೇರೆ. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಪರಿವರ್ತಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಊಟದ ತಟ್ಟೆಗೆ ಬರುವಷ್ಟರಲ್ಲಿ ಹಲವು ಪಟ್ಟು ಸಾಂದ್ರವಾಗಿರುತ್ತದೆ. ಗರ್ಭಿಣಿಯ ದೇಹದಿಂದ ಶಿಶುವಿನ ಮಿದುಳಿಗೂ ಅದು ದಾಟುತ್ತದೆ. ಸಾರ್ವಜನಿಕ ಆರೋಗ್ಯಕ್ಕೆ ಆತಂಕಕಾರಿಯಾದ ಹತ್ತು ಪ್ರಮುಖ ರಾಸಾಯನಿಕಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾದರಸವನ್ನು ಸೇರಿಸಿದೆ.

ಮಿನಮಾಟದ ತೀರದ ಬಾಕಿ

ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಕಂಪೆನಿಯು 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ತಯಾರಿಸುತ್ತಾ ಪಾದರಸಯುಕ್ತ ತ್ಯಾಜ್ಯವನ್ನು ಸಮುದ್ರಕ್ಕೆ ಬಿಟ್ಟಿತು. 1956ರಲ್ಲಿ ರೋಗವು ಅಧಿಕೃತವಾಗಿ ಬೆಳಕಿಗೆ ಬಂದಿತು. ಎರಡು ಸಾವಿರಕ್ಕೂ ಅಧಿಕ ಜನರನ್ನು ರೋಗಿಗಳೆಂದು ಸರ್ಕಾರ ದೃಢೀಕರಿಸಿದೆ. 1977ರಿಂದ 1990ರವರೆಗೆ ನಡೆದ ಕೊಲ್ಲಿಯ ಶುದ್ಧೀಕರಣಕ್ಕೆ ಸುಮಾರು 4,850 ಕೋಟಿ ಯೆನ್ ವೆಚ್ಚವಾಯಿತು. ಪರಿಹಾರದ ಭಾರವನ್ನು ಕಂಪೆನಿಯು ತಾನೊಂದೇ ಹೊರಲಾರದೆ ಹೋದಾಗ, 1978ರಿಂದ ಕುಮಾಮೊಟೊ ಪ್ರಾಂತ್ಯ ಸರ್ಕಾರವು ಸಾಲಪತ್ರ ಹೊರಡಿಸಿ ಹಣ ಒದಗಿಸಬೇಕಾಯಿತು. ತ್ಯಾಜ್ಯ ಸಂಸ್ಕರಣೆಯಲ್ಲಿ ಉಳಿಸಿದ ಹಣವು ಲಾಭವಾಗಿರಲಿಲ್ಲ, ಮುಂದೂಡಿದ ಸಾಲವಾಗಿತ್ತು.

ಕಾರವಾರ ಮತ್ತು ಕೊಡೈಕೆನಾಲ್

ಸಾಬೂನು, ಕಾಗದ, ಜವಳಿ ಉದ್ದಿಮೆಗಳಿಗೆ ಅತ್ಯಗತ್ಯವಾದ ಕಾಸ್ಟಿಕ್ ಸೋಡಾವನ್ನು ನಮ್ಮ ದೇಶದಲ್ಲಿ ಬಹುಕಾಲ ಪಾದರಸ ಕೋಶಗಳಲ್ಲಿ ತಯಾರಿಸಲಾಗುತ್ತಿತ್ತು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸಮೀಪದ ಕಡಲಿನಲ್ಲಿರುವ ಪಾದರಸದ ಬಗ್ಗೆ 1990ರಲ್ಲಿಯೇ ಸಾಗರ ಮಾಲಿನ್ಯ ಕುರಿತ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಸಂಶೋಧನಾ ಲೇಖನ ಪ್ರಕಟವಾಗಿತ್ತು. 2003ರಲ್ಲಿ ಕೇಂದ್ರ ಸರ್ಕಾರವು ಉದ್ದಿಮೆಗಳೊಡನೆ ಮಾಡಿಕೊಂಡ ಪರಿಸರ ಹೊಣೆಗಾರಿಕೆಯ ಒಡಂಬಡಿಕೆಯು, ಪಾದರಸ ಕೋಶಗಳನ್ನು ಕೈಬಿಟ್ಟು ಮೆಂಬ್ರೇನ್ ಕೋಶಗಳಿಗೆ ಬದಲಾಗುವಂತೆ ಸೂಚಿಸಿತು. ಬದಲಾದ ಉದ್ದಿಮೆ ಮುಳುಗಲಿಲ್ಲ. ಹೊಸ ವಿಧಾನದಲ್ಲಿ ವಿದ್ಯುತ್ತಿನ ಬಳಕೆಯೂ ಕಡಿಮೆಯಾಯಿತು.

ವರ್ತಕರಿಗೆ ಇನ್ನೂ ಹತ್ತಿರದ ಪಾಠ ತಮಿಳುನಾಡಿನ ಕೊಡೈಕೆನಾಲಿನದು. ಅಲ್ಲಿ ಹಿಂದೂಸ್ತಾನ್ ಲೀವರ್ ನಡೆಸುತ್ತಿದ್ದ ಥರ್ಮಾಮೀಟರ್ ಕಾರ್ಖಾನೆಯಿಂದ ಹೊರಬಂದ ಪಾದರಸ ಲೇಪಿತ ಗಾಜಿನ ಚೂರುಗಳು 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪತ್ತೆಯಾದವು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ವಸ್ತುಗಳನ್ನು ಅಮೆರಿಕಕ್ಕೆ ಸಾಗಿಸಲಾಯಿತು. 2016ರಲ್ಲಿ 591 ಮಂದಿ ಮಾಜಿ ಕಾರ್ಮಿಕರೊಡನೆ ಒಪ್ಪಂದವಾಯಿತು. ಗುಜರಿಯಾಗಿ ಮಾರಿದ ಗಾಜಿನಿಂದ ಬಂದ ಹಣವನ್ನೂ ಹದಿನೈದು ವರ್ಷಗಳ ಕಾಲ ತೆತ್ತ ಬೆಲೆಯನ್ನೂ ಹೋಲಿಸಿ ನೋಡಿದರೆ ಬೇರೆ ವಿವರಣೆ ಬೇಕಾಗಿಲ್ಲ.

ಗೋಕುಲಂನಿಂದ ಎಲ್ಲಿಗೆ?

ಮೈಸೂರಿನ ಗೋಕುಲಂ ಕಾರ್ಖಾನೆಗಳ ಬಡಾವಣೆಯಲ್ಲ. ಮನೆಗಳು, ಚಿಕಿತ್ಸಾಲಯಗಳು, ಯೋಗಶಾಲೆಗಳು, ಹೋಟೆಲುಗಳು, ಅಂಗಡಿಗಳು ಇರುವ ಪ್ರದೇಶ. ಮೇಟಗಳ್ಳಿ, ಹೆಬ್ಬಾಳ ಕೈಗಾರಿಕಾ ಪ್ರದೇಶಗಳು ಮಾತ್ರ ದೂರವಿಲ್ಲ. ಹಳೆಯ ಟ್ಯೂಬ್‌ಲೈಟು, ಸಿಎಫ್‌ಎಲ್ ದೀಪ, ವೈದ್ಯರ ಮೇಜಿನ ಪಾದರಸ ಮಾಪಕ, ಕಾರ್ಯಾಗಾರದ ಒತ್ತಡ ಮಾಪಕ ಇವೆಲ್ಲ ಕೆಟ್ಟ ದಿನ ಹೊರಡುವುದು ಒಣಕಸದ ಗಾಡಿಗೆ ಅಥವಾ ಗುಜರಿಯವನ ಚೀಲಕ್ಕೆ. ಒಂದು ದೀಪದಲ್ಲಿರುವುದು ಕೆಲವೇ ಮಿಲಿಗ್ರಾಂ ಪಾದರಸ. ಒಂದು ಮನೆಯಲ್ಲಿ ಒಂದು ಒಡೆದರೆ ಅನಾಹುತವೇನಿಲ್ಲ. ಆದರೆ ನೂರಾರು ಮನೆ, ಅಂಗಡಿಗಳ ದೀಪಗಳು ಒಂದೇ ಕಡೆ ರಾಶಿಯಾಗಿ ಒಡೆಯುವಾಗ, ಅಲ್ಲಿ ಕೈಗವಸು, ಮುಸುಕುಗಳಿಲ್ಲದೆ ಕಸ ವಿಂಗಡಿಸುವ ಮಹಿಳೆಯ ಉಸಿರಿಗೆ ಹೋಗುವುದು ಎಲ್ಲರ ಪಾಲಿನ ಮೊತ್ತ. ಆಕೆಯ ಕೈನಡುಕ ಯಾರ ಖಾತೆಯಲ್ಲಿಯೂ ವೆಚ್ಚವಾಗಿ ಕಾಣಿಸುವುದಿಲ್ಲ.

ಕಾನೂನು ಮತ್ತು ಲೆಕ್ಕ

ಪಾದರಸವನ್ನು ಕುರಿತ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಸಭೆ ಸೇರಿ, ಸಾಮಾನ್ಯ ಬೆಳಕಿಗೆ ಬಳಸುವ ಫ್ಲೋರೊಸೆಂಟ್ ದೀಪಗಳ ತಯಾರಿಕೆ, ಆಮದು ಮತ್ತು ರಫ್ತನ್ನು 2027ರ ವೇಳೆಗೆ ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನಿಸಿದವು. ಇಂತಹ ದೀಪಗಳ ದಾಸ್ತಾನು ಉಳಿದಿರುವ ವಿದ್ಯುತ್ ಸಾಮಗ್ರಿ ವರ್ತಕರು ಅದನ್ನು ಕೊಂಡ ಬೆಲೆಯಲ್ಲಿಯೇ ತೋರಿಸುತ್ತಾ ಹೋಗುವುದು ವಿವೇಕವಲ್ಲ. ಮಾರಿದರೆ ನಿಜವಾಗಿ ಬರುವ ಬೆಲೆ ಕಡಿಮೆಯಿದ್ದರೆ ಆ ಬೆಲೆಗೆ ಇಳಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಪಾದರಸದ ದೀಪಗಳೂ ಸೇರುತ್ತವೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯು, ಮಾಲಿನ್ಯ ಮಾಡಿದವರೇ ಅದರ ವೆಚ್ಚವನ್ನು ಭರಿಸಬೇಕೆಂಬ ತತ್ವವನ್ನು ಅನ್ವಯಿಸುತ್ತದೆ.

ಆದ್ದರಿಂದ ಪ್ರತಿಯೊಂದು ಘಟಕವೂ ಕೈಗೊಳ್ಳಬಹುದಾದ ಕ್ರಮಗಳಿವೆ. ಪಾದರಸವಿರುವ ಎಲ್ಲ ವಸ್ತುಗಳ ಪಟ್ಟಿ ಮಾಡಿ, ಬಂದದ್ದು, ಒಡೆದದ್ದು, ಒಪ್ಪಿಸಿದ್ದು ಎಂಬ ಮೂರು ಕಲಮುಗಳ ಪುಸ್ತಕವೊಂದನ್ನು ಇಡಬೇಕು. ಕೆಟ್ಟ ದೀಪಗಳನ್ನು ಒಡೆಯದೆ ಪೆಟ್ಟಿಗೆಯಲ್ಲಿ ಕಾದಿರಿಸಿ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ಹೊಸದಾಗಿ ಕೊಳ್ಳುವಾಗ ಎಲ್‌ಇಡಿ ದೀಪ, ಡಿಜಿಟಲ್ ಮಾಪಕಗಳನ್ನೇ ಆರಿಸಬೇಕು. ಪಾದರಸ ಚೆಲ್ಲಿದರೆ ಕಿಟಕಿ ತೆರೆದು, ದಪ್ಪ ಕಾಗದದಿಂದ ಒಟ್ಟುಗೂಡಿಸಿ, ಬಿಗಿ ಮುಚ್ಚಳದ ಸೀಸೆಯಲ್ಲಿಡಬೇಕು. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು; ಚರಂಡಿಗೆ ತೊಳೆಯಬಾರದು.

ಸಕ್ರಮ ವಿಲೇವಾರಿಗೆ ತೆತ್ತ ಹಣವು ವ್ಯಾಪಾರದ ವೆಚ್ಚವಾಗಿ ಆದಾಯದಿಂದ ಕಳೆಯಲ್ಪಡುತ್ತದೆ. ಕಾನೂನು ಉಲ್ಲಂಘನೆಗೆ ತೆತ್ತ ದಂಡವು ಹಾಗೆ ಕಳೆಯಲ್ಪಡುವುದಿಲ್ಲ. ತೆರಿಗೆಯ ಕಾನೂನೇ ಇವೆರಡರ ನಡುವೆ ಗೆರೆ ಎಳೆದಿರುವಾಗ, ಯಾವ ಖರ್ಚು ಅಗ್ಗವೆಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ವರ್ಷಾಂತ್ಯದಲ್ಲಿ ನಗದು ತಾಳೆಯಾಗುವಂತೆ ಪಾದರಸವೂ ತಾಳೆಯಾಗಬೇಕು. ತಾಳೆಯಾಗದ ಪ್ರತಿ ಗ್ರಾಂ ಯಾರದೋ ಬಾವಿಯಲ್ಲಿ, ಯಾರದೋ ಉಸಿರಿನಲ್ಲಿ ಉಳಿದಿರುತ್ತದೆ.