ಕಣ್ಣಿನ ಅಳತೆಗೆ ತಕ್ಕ ಲೇಸರ್ ಚಿಕಿತ್ಸೆ

ಕನ್ನಡಕದಿಂದ ಬಿಡುಗಡೆ ಬಯಸುವವರ ಮುಂದೆ ಇಂದು ಲೇಸರ್ ಶಸ್ತ್ರಚಿಕಿತ್ಸೆಯ ಹಲವು ವಿಧಾನಗಳಿವೆ. ಅವುಗಳಲ್ಲಿ 'ಕಸ್ಟಮೈಸ್ಡ್ ಲೇಸಿಕ್' ಪ್ರಮುಖವಾದುದು. ದರ್ಜಿಯು ಮೈಯಳತೆ ತೆಗೆದು ಉಡುಪು ಹೊಲಿಯುವಂತೆ, ಪ್ರತಿಯೊಬ್ಬರ ಕಣ್ಣನ್ನು ಸೂಕ್ಷ್ಮವಾಗಿ ಅಳೆದು, ಅದಕ್ಕೆ ಅನುಗುಣವಾಗಿ ಕಾರ್ನಿಯಾದ ಆಕಾರವನ್ನು ತಿದ್ದುವುದು ಇದರ ವೈಶಿಷ್ಟ್ಯ.

ಈ ಚಿಕಿತ್ಸೆಯ ಮೂಲಸಾಧನ ಎಕ್ಸೈಮರ್ ಲೇಸರ್. 193 ನ್ಯಾನೋಮೀಟರ್ ತರಂಗಾಂತರದ ಈ ಕಿರಣವು ಸುತ್ತಲಿನ ಭಾಗವನ್ನು ಸುಡದೆ ಅಂಗಾಂಶವನ್ನು ಪದರಪದರವಾಗಿ ತೆಗೆಯಬಲ್ಲದೆಂಬುದನ್ನು 1981ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಭಾರತೀಯ ಮೂಲದ ರಂಗಸ್ವಾಮಿ ಶ್ರೀನಿವಾಸನ್, ಜೇಮ್ಸ್ ವೈನ್ ಹಾಗೂ ಸ್ಯಾಮ್ಯುಯೆಲ್ ಬ್ಲಮ್ ಕಂಡುಕೊಂಡರು.

ಅಳತೆಯ ವಿಧಾನ

ಸಾಮಾನ್ಯ ಲೇಸಿಕ್ ಚಿಕಿತ್ಸೆಗೆ ಕನ್ನಡಕದ ಪವರ್ ಆಧಾರ. ಆದರೆ ಆ ಸಂಖ್ಯೆಯಲ್ಲಿ ಅಡಗದ ಸೂಕ್ಷ್ಮ ದೋಷಗಳೂ ಕಣ್ಣಿನಲ್ಲಿರುತ್ತವೆ. ಕತ್ತಲೆಯಲ್ಲಿ ಪಾಪೆ ಹಿಗ್ಗಿದಾಗ ದೀಪಗಳ ಸುತ್ತ ಪ್ರಭೆ ಕಾಣಲು ಇವೂ ಕಾರಣ. ಇವನ್ನು ಅಳೆಯುವ ಉಪಕರಣವೇ ಅಬೆರೋಮೀಟರ್. ಕಣ್ಣಿನೊಳಗೆ ಹಾಯಿಸಿದ ಮಂದ ಕಿರಣವು ಅಕ್ಷಿಪಟಲದಿಂದ ಪ್ರತಿಫಲಿಸಿ ಹೊರಬಂದು ಕಿರುಮಸೂರಗಳ ಸಾಲಿನ ಮೇಲೆ ಬೀಳುತ್ತದೆ. ಪ್ರತಿ ಬೆಳಕಿನ ಚುಕ್ಕೆ ಎಷ್ಟು ಸರಿದಿದೆ ಎಂಬುದರಿಂದ ಗಣಕಯಂತ್ರವು ಆ ಕಣ್ಣಿನ ದೋಷಗಳ ನಕ್ಷೆ ರಚಿಸಿ, ಲೇಸರಿಗೆ ನೀಡುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2002ರಲ್ಲಿ ಈ ಬಗೆಯ ಚಿಕಿತ್ಸೆಗೆ ಮೊದಲ ಅನುಮತಿ ನೀಡಿತು.

ಲೆಕ್ಕ ತಪ್ಪಬಾರದು

ಕಾರ್ನಿಯಾವು ಮರಳಿ ಬಾರದ ಬಂಡವಾಳ. ಅದರ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್. ಮೇಲ್ಪದರವನ್ನು ಮುಚ್ಚಳದಂತೆ ಎತ್ತಲು ಸುಮಾರು 110 ಮೈಕ್ರಾನ್ ಬೇಕು. 6 ಮಿಲಿಮೀಟರ್ ವ್ಯಾಸದ ಭಾಗವನ್ನು ತಿದ್ದುವಾಗ ಸಮೀಪದೃಷ್ಟಿಯ ಪ್ರತಿ ಡಯಾಪ್ಟರಿಗೆ ಸುಮಾರು 12 ಮೈಕ್ರಾನ್ ಕಳೆಯುತ್ತದೆ. ಆರು ಡಯಾಪ್ಟರಿಗೆ 72 ಕಳೆದರೆ ಉಳಿಯುವುದು 358. ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕೆಂಬುದು ರೂಢಿಯ ನಿಯಮ. ತೆಳುವಾದ ಕಾರ್ನಿಯಾ ಹಾಗೂ ಹೆಚ್ಚಿನ ಪವರ್ ಒಂದೆಡೆ ಸೇರಿದರೆ ಈ ಲೆಕ್ಕ ಕೂಡಿಬರುವುದಿಲ್ಲ. ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಇರುವವರಿಗಂತೂ ಲೇಸಿಕ್ ಸಲ್ಲದು. ದುರ್ಬಲ ಕಾರ್ನಿಯಾ ಮತ್ತಷ್ಟು ಉಬ್ಬಿ ದೃಷ್ಟಿ ಕೆಡಬಹುದು.

ಸೂಕ್ಷ್ಮ ದೋಷಗಳು ಅಲ್ಪವಾಗಿರುವ ಕಣ್ಣಿಗೆ ಹೆಚ್ಚು ಹಣ ತೆತ್ತರೂ ಹೆಚ್ಚಿನ ಪ್ರಯೋಜನ ಕಾಣದಿರಬಹುದು. ಚಿಕಿತ್ಸೆಯ ನಂತರ ಕೆಲವರಲ್ಲಿ ಕಣ್ಣು ಒಣಗುವ ತೊಂದರೆ ತಲೆದೋರುತ್ತದೆ. ದೂರದ ನೋಟಕ್ಕಾಗಿ ಎರಡೂ ಕಣ್ಣು ತಿದ್ದಿಸಿಕೊಂಡವರಿಗೂ ನಲವತ್ತು ದಾಟಿದ ಮೇಲೆ ಚಾಳೀಸು ತಪ್ಪುವುದಿಲ್ಲ.

ವಿಮೆಯ ವಿಚಾರ

ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಪ್ರಮಾಣಿತ ನಿಯಮಾವಳಿಯಂತೆ, 7.5 ಡಯಾಪ್ಟರಿಗಿಂತ ಕಡಿಮೆ ದೋಷದ ತಿದ್ದುಪಡಿ ವೆಚ್ಚವನ್ನು ಆರೋಗ್ಯ ವಿಮೆಯಿಂದ ಹೊರಗಿಡಬಹುದು. ಆದ್ದರಿಂದ ಉದ್ಯಮಿಗಳೂ ನೌಕರರೂ ಪಾಲಿಸಿಯ ಷರತ್ತುಗಳನ್ನು ಮೊದಲೇ ಪರಿಶೀಲಿಸುವುದು ಲೇಸು.

ಪವರ್ ಕನಿಷ್ಠ ಒಂದು ವರ್ಷ ಸ್ಥಿರವಾಗಿರಬೇಕು. ಮೃದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಪರೀಕ್ಷೆಗೆ ಎರಡು ವಾರ ಮೊದಲೇ ಅದನ್ನು ತೆಗೆದಿಡಬೇಕು. ಇಲ್ಲವಾದರೆ ಅಳತೆಯೇ ತಪ್ಪುತ್ತದೆ. ಯಂತ್ರದ ಹೆಸರನ್ನು ವಿಚಾರಿಸುವ ಮುನ್ನ, ತಮ್ಮ ಕಾರ್ನಿಯಾದ ದಪ್ಪವೆಷ್ಟು, ಚಿಕಿತ್ಸೆಯ ಬಳಿಕ ಉಳಿಯುವುದೆಷ್ಟು ಎಂಬುದನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳುವುದೇ ವಿವೇಕ.